ಮೆಷಿನ್ ಕ್ವಿಲ್ಟಿಂಗ್‌ನಲ್ಲಿ ದಾರದ ತುದಿಗಳನ್ನು ಅಡಗಿಸುವುದು ಹೇಗೆ: ಮೊದಲ ಹೊಲಿಗೆಯಿಂದ ಕೊನೆಯ ಕತ್ತರಿಯವರೆಗೆ

ಬ್ಲೌಸ್ ಹೊಲಿಯುವಾಗ ಶುರುವಿನಲ್ಲೂ ಕೊನೆಯಲ್ಲೂ ನಾಲ್ಕು ಹೊಲಿಗೆ ರಿವರ್ಸ್ ಹಾಕಿ, ದಾರ ಕತ್ತರಿಸಿ ಮುಂದಕ್ಕೆ ಹೋಗುತ್ತೇವೆ. ಅಲ್ಲಿ ದಪ್ಪಗಾದ ಹೊಲಿಗೆ ಒಳಬದಿಯಲ್ಲೇ ಉಳಿಯುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಮೂರು ಪದರ ಸೇರಿಸಿ ಹೊಲಿಯುವ ಹೊದಿಕೆಯಾದ ಕ್ವಿಲ್ಟಿನಲ್ಲಿ ಹಾಗೆ ಮಾಡುವಂತಿಲ್ಲ. ಅದರ ಎರಡು ಬದಿಯೂ ಹೊರಗೇ. ಒಳಗು ಅಂತ ಇರುವುದು ಮೇಲಿನ ಬಟ್ಟೆಗೂ ಹಿಂಬದಿ ಬಟ್ಟೆಗೂ ನಡುವೆ ಇರುವ ಮೆತ್ತನೆಯ ಪದರ, ಅಂದರೆ ಬ್ಯಾಟಿಂಗ್, ಒಂದೇ. ದಾರದ ತುದಿ ಹೋಗಿ ಕೂರಬೇಕಾದದ್ದು ಅಲ್ಲಿ.

ತುದಿ ಅಡಗಿಸುವುದನ್ನು ಎಲ್ಲ ಮುಗಿದ ಮೇಲೆ ಮಾಡುವ ಕೆಲಸ ಎಂದು ಬಹಳ ಜನ ತಿಳಿದಿದ್ದಾರೆ. ನಮ್ಮ ಪ್ರಕಾರ ಅದು ತಪ್ಪು. ತುದಿ ಸರಿಯಾಗಿ ಅಡಗುತ್ತದೋ ಇಲ್ಲವೋ ಎನ್ನುವುದು ಮೊದಲ ಹೊಲಿಗೆ ಬೀಳುವ ಮುಂಚೆಯೇ ತೀರ್ಮಾನವಾಗಿರುತ್ತದೆ. ಕೆಳಗಿನ ಬಾಬಿನ್ ದಾರ ಮೇಲೆ ಬಂದಿದೆಯೇ, ಎರಡೂ ದಾರಗಳನ್ನು ಎಷ್ಟು ಉದ್ದ ಬಿಟ್ಟಿದ್ದೀರಿ, ಗೆರೆಯನ್ನು ಎಲ್ಲಿಂದ ಶುರು ಮಾಡಿದ್ದೀರಿ, ಈ ಮೂರರ ಮೇಲೆಯೇ ಉಳಿದದ್ದೆಲ್ಲ ನಿಂತಿದೆ.

ಕೈಗೆಟುಕುವಂತೆ ಇಟ್ಟುಕೊಳ್ಳಬೇಕಾದವು

ಸೆಲ್ಫ್ ಥ್ರೆಡಿಂಗ್ ಸೂಜಿ ಒಂದೆರಡು ಇರಲಿ. ಇದರ ಕಣ್ಣಿನ ನೆತ್ತಿಯಲ್ಲಿ ಸಣ್ಣ ಸೀಳು ಇರುತ್ತದೆ. ದಾರವನ್ನು ಅದರ ಮೇಲಿಟ್ಟು ಕೆಳಗೆ ಒತ್ತಿದರೆ ಟಕ್ಕೆಂದು ಒಳಗೆ ಕೂರುತ್ತದೆ, ಪೋಣಿಸುವ ತಾಪತ್ರಯವಿಲ್ಲ. ಆದರೆ ಸೀಳಿನ ಅಂಚು ಹರಿತ, ಹತ್ತಿ ದಾರವನ್ನು ನಿಧಾನವಾಗಿ ಎಳೆಯದಿದ್ದರೆ ಎಳೆಗಳು ಬಿಚ್ಚಿಕೊಳ್ಳುತ್ತವೆ. ಅಂಚು ಒರಟಾಗಿದೆ ಅನ್ನಿಸಿದ ಸೂಜಿಯನ್ನು ಮುಲಾಜಿಲ್ಲದೆ ಎಸೆಯಿರಿ. ಇದು ಸಿಗದಿದ್ದರೆ ಕಸೂತಿಗೆ ಬಳಸುವ ಉದ್ದ ಕಣ್ಣಿನ 7ರಿಂದ 9ನೇ ನಂಬರಿನ ಸೂಜಿಯೂ ಚೆನ್ನಾಗಿ ನಡೆಯುತ್ತದೆ. ಜೊತೆಗೆ ಚೂಪು ತುದಿಯ ಟ್ವೀಜರ್, ಒಂದು ಗುಂಡುಸೂಜಿ, ಸಣ್ಣ ಕತ್ತರಿ ಬೇಕು. ಬಾಗಿದ ತುದಿಯ ಕತ್ತರಿಯಾದರೆ ಬಟ್ಟೆಗೆ ಏಟು ಬೀಳುವ ಭಯ ಕಡಿಮೆ.

ದಾರದ ಬಗ್ಗೆಯೂ ಒಂದು ಮಾತು. ಮೇಲಿನ ದಾರ, ಬಾಬಿನ್ ದಾರ ಎರಡೂ ಒಂದೇ ಬಣ್ಣದಲ್ಲಿದ್ದರೆ ಕೆಲಸ ಅರ್ಧ ಹಗುರ. ವೇಟ್ ಸಂಖ್ಯೆ ಹೆಚ್ಚಿದಷ್ಟೂ ದಾರ ಸಣ್ಣ. 50 ವೇಟ್ ಹತ್ತಿ ದಾರದ ಗಂಟು ಚಿಕ್ಕದಾಗಿಯೂ ಬಿಗಿಯಾಗಿಯೂ ಕೂರುತ್ತದೆ, ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. 40 ವೇಟ್ ಪಾಲಿಯೆಸ್ಟರ್ ಹೊಳೆಯುತ್ತದೆ, ಆದರೆ ಜಾರುತ್ತದೆ. ಮೀನಿನ ಗಾಳದ ದಾರದಂತಿರುವ ಪಾರದರ್ಶಕ ಮೊನೊಫಿಲಮೆಂಟ್ ಇನ್ನೂ ಜಾರು, ಅದರ ಗಂಟನ್ನು ನಂಬಿ ಕೂರುವ ಹಾಗಿಲ್ಲ. ಇದಕ್ಕೆ ಮಾಡಬೇಕಾದದ್ದನ್ನು ಮುಂದೆ ಹೇಳುತ್ತೇವೆ.

ತುದಿಗಳೇ ಕಡಿಮೆಯಾಗುವಂತೆ ಗೆರೆ ಹಾಕುವುದು

ಅಡಗಿಸಲು ಅತ್ಯಂತ ಸುಲಭವಾದ ತುದಿ ಎಂದರೆ ಹುಟ್ಟದೇ ಇದ್ದ ತುದಿ. ಬ್ಯಾಟಿಂಗ್ ಮತ್ತು ಹಿಂಬದಿ ಬಟ್ಟೆಯನ್ನು ಮೇಲಿನ ಬಟ್ಟೆಗಿಂತ ಸುತ್ತಲೂ 2ರಿಂದ 3 ಇಂಚು ಹೆಚ್ಚಿಗೆ ಕತ್ತರಿಸಿಕೊಳ್ಳಿ. ನೇರ ಗೆರೆಗಳ ಕ್ವಿಲ್ಟಿಂಗ್ ಆದರೆ ಆ ಹೆಚ್ಚುವರಿ ಬ್ಯಾಟಿಂಗ್ ಮೇಲೆಯೇ ಹೊಲಿಗೆ ಶುರು ಮಾಡಿ, ಮೇಲಿನ ಬಟ್ಟೆ ದಾಟಿ, ಆಚೆ ಬದಿಯ ಬ್ಯಾಟಿಂಗ್ ಮೇಲೆ ನಿಲ್ಲಿಸಿ. ಅಂಚು ಟ್ರಿಮ್ ಮಾಡಿದಾಗ ತುದಿಗಳು ಹೋಗುತ್ತವೆ, ಕತ್ತರಿಸಿದ ಹೊಲಿಗೆಯನ್ನು ಅಂಚಿಗೆ ಸುತ್ತುವ ಬಟ್ಟೆಪಟ್ಟಿ, ಅಂದರೆ ಬೈಂಡಿಂಗ್, ಹಿಡಿದುಕೊಳ್ಳುತ್ತದೆ. ಬೈಂಡಿಂಗ್ ಹಾಕುವ ಮುಂಚೆ ಅಂಚಿನಿಂದ ಅರೆಕಾಲಿಂಚು ಒಳಗೆ ಸುತ್ತಲೂ ಒಂದು ಉದ್ದ ಹೊಲಿಗೆ ಓಡಿಸಿದರೆ ಆ ಗೆರೆಗಳು ಬಿಚ್ಚಿಕೊಳ್ಳುವುದಿಲ್ಲ.

ಫ್ರೀ ಮೋಷನ್‌ನಲ್ಲಿ (ಕ್ವಿಲ್ಟನ್ನು ಕೈಯಿಂದಲೇ ಬೇಕಾದತ್ತ ಸರಿಸುತ್ತಾ ಹೊಲಿಯುವ ವಿಧಾನ) ಬಳ್ಳಿ, ಗರಿ, ಅಲೆ ತುಂಬುವಾಗ ಒಂದು ವಿನ್ಯಾಸದಿಂದ ಇನ್ನೊಂದಕ್ಕೆ ದಾರ ಕತ್ತರಿಸದೆ ಹೋಗುವ ದಾರಿ ಹುಡುಕಿ. ಎರಡು ತುಂಡು ಸೇರುವ ಜೋಡು ಹೊಲಿಗೆಯ ಮೇಲೆಯೇ ಒಂದೂವರೆ ಇಂಚು ಸಾಗಿ ಮುಂದಿನ ಬ್ಲಾಕಿಗೆ ದಾಟಿದರೆ ಆ ಹೊಲಿಗೆ ಜೋಡಿನ ಸಂದಿಯಲ್ಲಿ ಮುಳುಗುತ್ತದೆ. ಕಾಗದದ ಮೇಲೆ ಪೆನ್ಸಿಲ್ ಎತ್ತದೆ ಒಂದು ಸಲ ಬರೆದು ನೋಡಿ. ಪೆನ್ಸಿಲ್ ಎಷ್ಟು ಸಲ ಎತ್ತಿದಿರೋ ಅಷ್ಟು ಕಡೆ ಅಡಗಿಸುವ ಕೆಲಸ ಕಾದಿದೆ.

ಶುರು ಮಾಡುವುದು: ಬಾಬಿನ್ ದಾರ ಮೇಲೆ ತರುವುದು

ಬಾಬಿನ್ ದಾರವನ್ನು ಕೆಳಗೇ ಬಿಟ್ಟು ಹೊಲಿಗೆ ಶುರು ಮಾಡಿದರೆ ಹುಕ್ ತಿರುಗುವಾಗ ಆ ಸಡಿಲ ತುದಿಯನ್ನು ಎಳೆದುಕೊಂಡು, ಮುಂದಿನ ಹೊಲಿಗೆಗಳ ಅಡಿಗೆ ಸೇರಿಸಿಬಿಡುತ್ತದೆ. ಹಿಂಬದಿಯಲ್ಲಿ ಕಾಣುವ ದಾರದ ಗೂಡಿಗೆ ಸಾಮಾನ್ಯ ಕಾರಣ ಇದು. ಟೆನ್ಷನ್ ತಿರುಗಿಸಿ ತಿರುಗಿಸಿ ಸುಸ್ತಾಗುವವರು ಮೊದಲು ಇದನ್ನು ನೋಡಬೇಕು.

ಶುರುವಿನ ಬಿಂದು ಸೂಜಿಯ ನೇರ ಕೆಳಗೆ ಬರುವಂತೆ ಕ್ವಿಲ್ಟ್ ಇಡಿ. ಫೂಟ್ ಇಳಿಸಿ. ಮೇಲಿನ ದಾರದ ತುದಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಹ್ಯಾಂಡ್ ವೀಲನ್ನು ನಿಮ್ಮ ಕಡೆಗೆ ಪೂರ್ತಿ ಒಂದು ಸುತ್ತು ತಿರುಗಿಸಿ. ಸೂಜಿ ಕೆಳಗಿಳಿದು ಮತ್ತೆ ಮೇಲೆ ಬರಬೇಕು, ದಾರದೊಂದಿಗೆ ಮೇಲೆ ಕೆಳಗೆ ಆಡುವ ಟೇಕ್ ಅಪ್ ಲಿವರ್ ತುತ್ತತುದಿಯಲ್ಲಿ ನಿಲ್ಲಬೇಕು. ಈಗ ಫೂಟ್ ಎತ್ತಿ ಮೇಲಿನ ದಾರವನ್ನು ಮೆಲ್ಲಗೆ ಎಳೆದರೆ ಅದೇ ತೂತಿನಿಂದ ಬಾಬಿನ್ ದಾರ ಸಣ್ಣ ಕುಣಿಕೆಯಾಗಿ ಮೇಲೆ ಬರುತ್ತದೆ. ಟ್ವೀಜರ್‌ನಿಂದ ಅದನ್ನು ಎಳೆದು, ಎರಡೂ ದಾರ 6 ಇಂಚು, ಅಂದರೆ 15 ಸೆಂಟಿಮೀಟರ್, ಉದ್ದ ಇರುವಂತೆ ಮಾಡಿ. ಕುಣಿಕೆ ಬರದಿದ್ದರೆ ಲಿವರ್ ತುದಿಗೆ ತಲುಪಿಲ್ಲ ಎಂದರ್ಥ, ವೀಲನ್ನು ಇನ್ನು ಸ್ವಲ್ಪ ತಿರುಗಿಸಿ.

ಈಗ ಸೂಜಿಯನ್ನು ಅದೇ ತೂತಿಗೆ ಇಳಿಸಿ ಫೂಟ್ ಹಾಕಿ. ಎರಡೂ ದಾರಗಳನ್ನು ಒಟ್ಟಿಗೆ ಹಿಡಿದು, ಹೊಲಿಗೆ ಹೋಗುವ ದಿಕ್ಕಿಗೆ ವಿರುದ್ಧವಾಗಿ ಪಕ್ಕಕ್ಕೆ ಸರಿಸಿಟ್ಟುಕೊಳ್ಳಿ. ಮೊದಲ ನಾಲ್ಕೈದು ಹೊಲಿಗೆ ಬೀಳುವವರೆಗೂ ಬಿಡಬೇಡಿ.

ಹಳೆಯ ಕಾಲು ಮೆಷಿನ್ನುಗಳಲ್ಲಿ ಸೂಜಿಯನ್ನು ತಾನಾಗಿ ಮೇಲೆ ನಿಲ್ಲಿಸುವ ಬಟನ್ ಇಲ್ಲ, ಪರವಾಗಿಲ್ಲ. ವೀಲ್ ಕೈಯಲ್ಲೇ ಇರುವುದರಿಂದ ಈ ಕೆಲಸ ಅವುಗಳಲ್ಲಿ ಇನ್ನೂ ನಿಖರವಾಗಿ ಆಗುತ್ತದೆ. ಹೊಸ ಕಂಪ್ಯೂಟರೈಸ್ಡ್ ಮೆಷಿನ್ ಇರುವವರು ಗಮನಿಸಬೇಕಾದ್ದು ಕತ್ತರಿ ಗುರುತಿನ ಬಟನ್. ಅದು ದಾರವನ್ನು ಬಟ್ಟೆಯ ಅಡಿಯಲ್ಲಿ ತೀರಾ ಗಿಡ್ಡವಾಗಿ ಕತ್ತರಿಸುತ್ತದೆ, ಗಂಟು ಹಾಕಲು ಏನೂ ಉಳಿಯುವುದಿಲ್ಲ. ತುದಿ ಅಡಗಿಸಬೇಕಾದ ಗೆರೆಗಳಲ್ಲಿ ಆ ಬಟನ್ ಮುಟ್ಟಲೇಬೇಡಿ.

ನಿಲ್ಲಿಸುವುದು

ಗೆರೆ ಮುಗಿಯಿತು. ಸೂಜಿ ಮೇಲೆತ್ತಿ, ಫೂಟ್ ಎತ್ತಿ, ಟೆನ್ಷನ್ ಡಿಸ್ಕ್ ಸಡಿಲವಾಗುತ್ತದೆ. ಕ್ವಿಲ್ಟನ್ನು 6 ಇಂಚು ಪಕ್ಕಕ್ಕೆ ಎಳೆಯಿರಿ, ಎರಡೂ ದಾರ ಬಿಚ್ಚಿಕೊಂಡು ಬರುತ್ತವೆ. ಮೇಲಿನ ದಾರವನ್ನು ಬೆರಳಿಗೆ ಸಿಕ್ಕಿಸಿಕೊಂಡು ಕ್ವಿಲ್ಟನ್ನು ವಾಪಸ್ ತಂದು, ಕೊನೆಯ ಹೊಲಿಗೆಯ ತೂತನ್ನೇ ಸೂಜಿಯ ಕೆಳಗೆ ಹಿಡಿಯಿರಿ. ವೀಲ್ ಒಂದು ಸುತ್ತು. ಹಿಡಿದುಕೊಂಡ ಮೇಲಿನ ದಾರ ಎಳೆದರೆ ಬಾಬಿನ್ ದಾರದ ಕುಣಿಕೆ ಮೇಲೆ ಬರುತ್ತದೆ. ಅದನ್ನು ಹೊರಗೆಳೆದು ಎರಡನ್ನೂ 6 ಇಂಚಿಗೆ ಕತ್ತರಿಸಿ.

ಇಲ್ಲಿ ಸೂಜಿ ಆ ತೂತಿಗೇ ಇಳಿಯಬೇಕು. ಅರ್ಧ ಮಿಲಿಮೀಟರ್ ಪಕ್ಕಕ್ಕೆ ಬಿದ್ದರೂ ಒಂದು ಕುಳ್ಳ ಹೊಲಿಗೆ ಹೆಚ್ಚಾಗಿ, ಗೆರೆಯ ಕೊನೆ ಡೊಂಕಾಗಿ ಕಾಣುತ್ತದೆ. ಕಣ್ಣಂದಾಜಿನಿಂದ ಆಗದಿದ್ದರೆ ಸೂಜಿಯನ್ನು ನಿಧಾನವಾಗಿ ಇಳಿಸುತ್ತಾ, ಮೊನೆ ಬಟ್ಟೆಗೆ ತಾಗುವ ಮುನ್ನ ಕ್ವಿಲ್ಟನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ ತೂತಿಗೆ ಕೂಡಿಸಿ.

ಇನ್ನೊಂದು ದಾರಿ ಇದೆ: ಎರಡೂ ದಾರವನ್ನು ಉದ್ದವಾಗಿ ಬಿಟ್ಟು ಕತ್ತರಿಸಿ, ಕ್ವಿಲ್ಟ್ ತಿರುಗಿಸಿ, ಬಾಬಿನ್ ದಾರವನ್ನು ಮೆಲ್ಲಗೆ ಜಗ್ಗಿ, ಮೇಲಿನ ದಾರದ ಕುಣಿಕೆಯನ್ನು ಗುಂಡುಸೂಜಿಯಿಂದ ಹಿಂಬದಿಗೆ ಎಳೆದುಕೊಳ್ಳುವುದು. ಮುಂಭಾಗ ತಿಳಿಬಣ್ಣದ ಸಾದಾ ಬಟ್ಟೆ, ಹಿಂಬದಿ ಒತ್ತೊತ್ತಾದ ಪ್ರಿಂಟ್ ಇದ್ದರೆ ಇದೇ ಒಳ್ಳೆಯದು. ಪ್ರಿಂಟ್‌ನ ಗಲಾಟೆಯಲ್ಲಿ ಸಣ್ಣಪುಟ್ಟ ಗುರುತುಗಳೆಲ್ಲ ಮುಚ್ಚಿಹೋಗುತ್ತವೆ. ಎರಡೂ ಬದಿ ಸಾದಾ ಇದ್ದರೆ ಮುಂಭಾಗದಿಂದಲೇ ಅಡಗಿಸಿ. ಮೆಷಿನ್ ಮೇಲಿದ್ದಂತೆಯೇ ಕೆಲಸ ಮುಗಿಯುತ್ತದೆ, ಭಾರದ ಕ್ವಿಲ್ಟನ್ನು ಪದೇ ಪದೇ ಮಗುಚುವುದು ತಪ್ಪುತ್ತದೆ.

ಗಂಟು, ಆಮೇಲೆ ಒಳಗಿಳಿಸುವುದು

1. ಎರಡೂ ದಾರಗಳನ್ನು ಜೊತೆಯಾಗಿ ಹಿಡಿದು ಒಂದು ಸಾದಾ ಗಂಟಿನ ಕುಣಿಕೆ ಮಾಡಿ, ಬಿಗಿಯಬೇಡಿ. ಕುಣಿಕೆಯೊಳಗೆ ಗುಂಡುಸೂಜಿ ಹಾಕಿ, ಗಂಟನ್ನು ಅದರ ಮೊನೆಯಿಂದ ತಳ್ಳುತ್ತಾ ಬಟ್ಟೆಯ ಹತ್ತಿರ ತನ್ನಿ. ಬಟ್ಟೆಯಿಂದ ಸುಮಾರು ಕಾಲಿಂಚು, ಅಂದರೆ 6 ಮಿಲಿಮೀಟರ್, ದೂರದಲ್ಲಿ ನಿಲ್ಲಿಸಿ ಬಿಗಿಯಿರಿ. ಪಾಲಿಯೆಸ್ಟರ್ ದಾರವಾದರೆ ತುದಿಯನ್ನು ಕುಣಿಕೆಯೊಳಗೆ ಎರಡು ಸಲ ತೂರಿಸಿ.

2. ಎರಡೂ ದಾರವನ್ನು ಸೂಜಿಗೆ ಪೋಣಿಸಿ. ದಾರಗಳು ಹೊರಬಂದಿರುವ ತೂತಿಗೇ ಸೂಜಿಯ ಮೊನೆ ಇಟ್ಟು, ಕೂಡಲೇ ಸೂಜಿಯನ್ನು ಹೆಚ್ಚೂಕಡಿಮೆ ಮಲಗಿಸಿ. ಎಡಗೈ ಕ್ವಿಲ್ಟಿನ ಅಡಿಯಲ್ಲಿರಲಿ. ಮೊನೆ ಬೆರಳಿಗೆ ಚುಚ್ಚಿದರೆ ಅದು ಹಿಂಬದಿ ಬಟ್ಟೆ ದಾಟಿದೆ, ಹಿಂದಕ್ಕೆಳೆದು ಇನ್ನಷ್ಟು ಮಲಗಿಸಿ ನೂಕಿ.

3. ಬ್ಯಾಟಿಂಗ್ ಒಳಗೆ ಒಂದರಿಂದ ಒಂದೂವರೆ ಇಂಚು ಸಾಗಿ, ಸೂಜಿಯನ್ನು ಮೇಲಕ್ಕೆ ಹೊರತನ್ನಿ. ದಾರ ಪೂರ್ತಿ ಎಳೆದಾಗ ಗಂಟು ಬಂದು ಬಟ್ಟೆಗೆ ತಡೆಯುತ್ತದೆ. ಅಲ್ಲಿ ಒಂದು ಸಣ್ಣ, ಚುರುಕಾದ ಜಗ್ಗು ಕೊಡಿ. ಟಪ್ಪೆಂದು ಒಳಗೆ ಹೋಗುವುದು ಕೈಗೇ ತಿಳಿಯುತ್ತದೆ.

4. ದಾರವನ್ನು ಸ್ವಲ್ಪ ಬಿಗಿಯಾಗಿ ಎಳೆದು ಹಿಡಿದು, ಕತ್ತರಿಯನ್ನು ಬಟ್ಟೆಗೆ ಸಮಾನಾಂತರವಾಗಿ ಮಲಗಿಸಿ ಕತ್ತರಿಸಿ. ಬಿಟ್ಟ ತಕ್ಷಣ ತುದಿ ತಾನಾಗಿ ಒಳಗೆ ಸರಿಯುತ್ತದೆ. ಕಾಣುತ್ತಿದ್ದರೆ ಉಗುರಿನಿಂದ ಆ ಜಾಗವನ್ನು ಎರಡು ಸಲ ಕೆರೆದು ನೇಯ್ಗೆಯ ಎಳೆಗಳನ್ನು ಕೂಡಿಸಿ.

ಕಾಲಿಂಚು ಅಳತೆಗೆ ಇಷ್ಟು ಒತ್ತು ಕೊಡಲು ಕಾರಣವಿದೆ. ಗಂಟು ಬಟ್ಟೆಗೆ ತೀರಾ ಅಂಟಿಕೊಂಡಿದ್ದರೆ ಬ್ಯಾಟಿಂಗ್ ತಲುಪದೆ ನೇಯ್ಗೆಯ ಎಳೆಗಳ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಒಂದೆರಡು ಒಗೆತದಲ್ಲಿ ಅದು ಹೊರಗೆ ಇಣುಕುವುದು ಖಂಡಿತ. ಅರ್ಧ ಇಂಚಿಗಿಂತ ದೂರವಾದರೆ ಗಂಟಿಗೂ ಕೊನೆಯ ಹೊಲಿಗೆಗೂ ನಡುವಿನ ದಾರ ಹಿಂದೆ ಸರಿಯಲು ಜಾಗ ಸಿಗುತ್ತದೆ, ಬಳಸುತ್ತಾ ಬಳಸುತ್ತಾ ಆ ಹೊಲಿಗೆ ಸಡಿಲಾಗಿ ಕುಣಿಕೆಯಂತೆ ಏಳುತ್ತದೆ.

ಸೂಜಿ ಯಾವ ಕಡೆಗೆ ಸಾಗಬೇಕು ಎನ್ನುವುದಕ್ಕೂ ಅಷ್ಟೇ ಗಮನ ಬೇಕು. ಬಿಳಿ ಅಥವಾ ಕೆನೆಬಣ್ಣದ ಬಟ್ಟೆಯ ಅಡಿಯಲ್ಲಿ ಕಡುನೀಲಿ ದಾರ ಹೋದರೆ ನೆರಳಿನ ಗೆರೆಯಾಗಿ ಮೇಲೆ ಕಾಣುತ್ತದೆ, ಕಿಟಕಿಯ ಬೆಳಕಿಗೆ ಹಿಡಿದರಂತೂ ಇನ್ನೂ ಸ್ಪಷ್ಟ. ಅಂಥಲ್ಲಿ ಪಕ್ಕದ ಕಡುಬಣ್ಣದ ತುಂಡಿನ ಕಡೆಗೆ, ಇಲ್ಲವೇ ಜೋಡು ಹೊಲಿಗೆಯ ಮಡಿಕೆಯೊಳಗೆ ಸೂಜಿ ಸಾಗಿಸಿ. ಅಥವಾ ನೀವು ಈಗಷ್ಟೇ ಹೊಲಿದ ಗೆರೆಯ ಅಡಿಯಲ್ಲೇ ವಾಪಸ್ ಹೋಗಿ, ಮೇಲಿನ ಹೊಲಿಗೆಯೇ ಅದಕ್ಕೆ ಮರೆ. ಆದರೆ ಹಾಗೆ ಹೋಗುವಾಗ ಸೂಜಿ ಹಳೆಯ ಹೊಲಿಗೆಯ ದಾರವನ್ನು ಸೀಳಬಾರದು. ಎಳೆದಾಗ ಗೆರೆ ಸುಕ್ಕಾದರೆ ಸೀಳಿದೆ ಎಂದರ್ಥ, ಸೂಜಿ ಹಿಂದೆ ತೆಗೆದು ಪಕ್ಕದಿಂದ ಸಾಗಿ.

ಗಂಟಿಲ್ಲದ ದಾರಿ

ಎಲ್ಲ ತುದಿಗೂ ಗಂಟು ಬೇಕಾಗಿಲ್ಲ. ಹೊಲಿಗೆಯ ಉದ್ದವನ್ನು 0.3ರಿಂದ 0.5 ಮಿಲಿಮೀಟರ್‌ಗೆ ಇಳಿಸಿ, ಕಾಲಿಂಚಿನೊಳಗೆ ಎಂಟು ಹತ್ತು ಪುಟಾಣಿ ಹೊಲಿಗೆ ಹಾಕಿ, ಆಮೇಲೆ ಮಾಮೂಲಿ ಅಳತೆಗೆ ಬಂದರೆ ದಾರ ಬಿಗಿಯಾಗಿ ನಿಲ್ಲುತ್ತದೆ. ಕೊನೆಯಲ್ಲೂ ಹೀಗೇ. ಫ್ರೀ ಮೋಷನ್ ಆದರೆ ಕ್ವಿಲ್ಟನ್ನು ಬಹಳ ನಿಧಾನವಾಗಿ ಸರಿಸಬೇಕು. ಒಂದೇ ಜಾಗದಲ್ಲಿ ನಿಲ್ಲಿಸಿ ಕುಟ್ಟಿದರೆ ಹಿಂಬದಿಯಲ್ಲಿ ಉಂಡೆ ಕಟ್ಟುತ್ತದೆ. ಕಾಲು ಮೆಷಿನ್ನಿನಲ್ಲಿ ಹೊಲಿಗೆಯ ಅಳತೆಯ ಲಿವರನ್ನು ಸೊನ್ನೆಯ ಹತ್ತಿರ ತಂದರೆ ಆಯಿತು.

ಮಕ್ಕಳ ಹೊದಿಕೆ, ದಿನಬಳಕೆಯ ಕ್ವಿಲ್ಟುಗಳಿಗೆ ಇದು ಧಾರಾಳವಾಗಿ ಸಾಕು. ಆದರೆ ದಾರದ ಬಣ್ಣ ಬಟ್ಟೆಗಿಂತ ಬೇರೆಯಿದ್ದರೆ ಆ ಕಾಲಿಂಚು ದಟ್ಟವಾದ ಚುಕ್ಕೆಯಂತೆ ಎದ್ದು ಕಾಣುತ್ತದೆ. ಮೊನೊಫಿಲಮೆಂಟ್‌ಗೆ ಮಾತ್ರ ನಮ್ಮ ಸಲಹೆ ಪುಟಾಣಿ ಹೊಲಿಗೆಯೂ ಬೇಕು, ಅದರ ಮೇಲೆ ತುದಿಯನ್ನು ಬ್ಯಾಟಿಂಗ್‌ಗೆ ಇಳಿಸುವುದೂ ಬೇಕು, ಗಂಟು ಬೇಡ. ತುಂಬ ದಪ್ಪನೆಯ 12 ವೇಟ್ ದಾರಕ್ಕೂ ಹೀಗೆಯೇ. ಅದರ ಗಂಟು ಒಳಗಿಳಿಯುವಷ್ಟು ಚಿಕ್ಕದಾಗುವುದೇ ಇಲ್ಲ, ಬಲವಂತ ಮಾಡಿದರೆ ಬಟ್ಟೆಯಲ್ಲಿ ತೂತು ಉಳಿಯುತ್ತದೆ.

ಅಮೆರಿಕದ ಕೆಂಟಕಿ ರಾಜ್ಯದ ಪಡೂಕಾದಲ್ಲಿ ನಡೆಯುವ ಅಮೆರಿಕನ್ ಕ್ವಿಲ್ಟರ್ಸ್ ಸೊಸೈಟಿಯ ಪ್ರದರ್ಶನದಲ್ಲಿ ಮೆಷಿನ್ ಹೊಲಿಗೆಯ ಕ್ವಿಲ್ಟೊಂದು ಮೊದಲ ಬಾರಿಗೆ ಅತ್ಯುನ್ನತ ಬಹುಮಾನ ಪಡೆದದ್ದು 1989ರಲ್ಲಿ, ಕ್ಯಾರಿಲ್ ಬ್ರಾಯರ್ ಫ್ಯಾಲರ್ಟ್ ಅವರ ಸೂರ್ಯಗ್ರಹಣದ ಕ್ವಿಲ್ಟಿಗೆ. ಅದಕ್ಕೂ ಮುಂಚೆ ಮೆಷಿನ್ ಕೆಲಸವನ್ನು ಕೈಹೊಲಿಗೆಗಿಂತ ಒಂದು ಮೆಟ್ಟಿಲು ಕೆಳಗಿಟ್ಟು ನೋಡುವವರೇ ಹೆಚ್ಚು. ಇಂಥ ಪ್ರದರ್ಶನಗಳ ತೀರ್ಪುಗಾರರು ಹೊಲಿಗೆ ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು ಎಂದು ಹುಡುಕಿ ನೋಡುತ್ತಾರೆ. ಸ್ಪರ್ಧೆಗೆ ಕಳಿಸುವ ಉದ್ದೇಶವಿದ್ದರೆ ಪುಟಾಣಿ ಹೊಲಿಗೆಯನ್ನು ಬಿಟ್ಟು, ಪ್ರತಿ ತುದಿಯನ್ನೂ ಗಂಟು ಹಾಕಿ ಅಡಗಿಸಿ.

ವೃತ್ತ ಮುಚ್ಚುವಾಗ

ವೃತ್ತ, ಎಲೆ, ಹೃದಯದಂಥ ಮುಚ್ಚಿದ ಆಕಾರಗಳಲ್ಲಿ ಶುರು ಮತ್ತು ಕೊನೆ ಒಂದೇ ಕಡೆ ಸೇರುತ್ತವೆ, ಒಂದೇ ತೂತಿನ ಸುತ್ತ ನಾಲ್ಕು ದಾರ. ನಾಲ್ಕನ್ನೂ ಒಟ್ಟಿಗೆ ಗಂಟು ಹಾಕಬೇಡಿ, ಆ ಗಂಟು ಒಳಗಿಳಿಯದು. ಶುರುವಿನ ಜೋಡಿಯನ್ನು ಒಂದು ಕಡೆಗೆ, ಕೊನೆಯ ಜೋಡಿಯನ್ನು ಎದುರು ದಿಕ್ಕಿಗೆ ಇಳಿಸಿ.

ಜೋಡಣೆ ಕಾಣಲೇಬಾರದು ಎಂದಿದ್ದರೆ ಒಂದು ಉಪಾಯವಿದೆ. ಶುರುವಿನ ತೂತಿಗೆ ಇನ್ನೊಂದೇ ಹೊಲಿಗೆ ಬಾಕಿ ಇರುವಾಗ ಮೆಷಿನ್ ನಿಲ್ಲಿಸಿ. ಶುರುವಿನ ಜೋಡಿಯನ್ನು ಮೊದಲು ಅಡಗಿಸಿಬಿಡಿ. ಆಮೇಲೆ ಕೊನೆಯ ಜೋಡಿಗೆ ಗಂಟು ಹಾಕುವಾಗ ಕಾಲಿಂಚಿನ ಜೊತೆಗೆ ಒಂದು ಹೊಲಿಗೆಯ ಉದ್ದವನ್ನೂ ಸೇರಿಸಿ ದೂರ ಬಿಡಿ, ಸೂಜಿಯನ್ನು ಶುರುವಿನ ತೂತಿಗೆ ಇಳಿಸಿ. ಮೇಲೆ ಮಲಗುವ ದಾರವೇ ಕೊನೆಯ ಹೊಲಿಗೆಯಾಗಿ ವೃತ್ತ ಪೂರ್ತಿಯಾಗುತ್ತದೆ. ಸಣ್ಣ ದಾರದಲ್ಲಿ ಎರಡು ಎಳೆ ಇರುವುದು ತಿಳಿಯುವುದಿಲ್ಲ. ದಪ್ಪ ದಾರವಾದರೆ ಮೇಲಿನ ದಾರವನ್ನಷ್ಟೇ ಹೀಗೆ ತನ್ನಿ, ಬಾಬಿನ್ ದಾರವನ್ನು ಮೇಲಕ್ಕೆಳೆಯದೆ ಹಿಂಬದಿಯಿಂದ ಇದೇ ರೀತಿ ಇಳಿಸಿ.

ನಡುದಾರಿಯಲ್ಲಿ ದಾರ ತುಂಡಾದರೆ, ಬಾಬಿನ್ ಖಾಲಿಯಾದರೆ

ಬಾಬಿನ್ ಮುಗಿದದ್ದು ಗೊತ್ತಾಗುವ ಹೊತ್ತಿಗೆ ಸೂಜಿ ಹತ್ತಾರು ತೂತು ಹೊಡೆದಿರುತ್ತದೆ. ಅಲ್ಲಿಂದಲೇ ಮುಂದುವರಿಸಬೇಡಿ. ಹಳೆಯ ಗೆರೆಯ ಮೇಲೆ ಒಂದಿಂಚು ಹೊಲಿದು ಸೇರಿಸುವುದು ಎಲ್ಲರೂ ಹಿಡಿಯುವ ಅಡ್ಡದಾರಿ, ಆದರೆ ಆ ಒಂದಿಂಚು ದಪ್ಪಗೆ ಎದ್ದು ಕಾಣುತ್ತದೆ. ಹಿಡಿತವಿಲ್ಲದ ಮೇಲಿನ ದಾರ ತೆಗೆದು, ಅಲ್ಲಿಂದ ಹಿಂದಕ್ಕೆ, ಎರಡೂ ದಾರ ಕನಿಷ್ಠ 4 ಇಂಚು ಸಿಗುವವರೆಗೆ ಹೊಲಿಗೆ ಬಿಚ್ಚಿ. ಹತ್ತಿರದಲ್ಲಿ ಮೂಲೆಯೋ ಇನ್ನೊಂದು ಗೆರೆ ದಾಟುವ ಜಾಗವೋ ಇದ್ದರೆ ಅಲ್ಲಿಯವರೆಗೂ ಬಿಚ್ಚಿ, ಜೋಡಣೆ ಅಲ್ಲಿ ತಾನಾಗಿ ಮರೆಯಾಗುತ್ತದೆ. ಆ ತುದಿಗಳನ್ನು ಅಡಗಿಸಿದ ಮೇಲೆ ಕೊನೆಯ ತೂತಿನಿಂದಲೇ, ಬಾಬಿನ್ ದಾರ ಮೇಲೆ ತಂದು ಹೊಸದಾಗಿ ಶುರು ಮಾಡಿ. ಖಾಲಿ ತೂತುಗಳ ಮೇಲೆ ನೀರು ಚಿಮುಕಿಸಿ ಉಗುರಿನಿಂದ ಕೆರೆದರೆ ಹತ್ತಿ ಬಟ್ಟೆ ಕೂಡಿಕೊಳ್ಳುತ್ತದೆ.

ತುದಿ ಒಂದೇ ಇಂಚು ಉಳಿದಿದ್ದರೆ ಸೂಜಿಯನ್ನು ಮೊದಲು ಬಟ್ಟೆಗೆ ಹಾಕಿ, ಕಣ್ಣು ಮಾತ್ರ ಹೊರಗಿರುವಂತೆ ನಿಲ್ಲಿಸಿ, ಆಮೇಲೆ ದಾರ ಪೋಣಿಸಿ ಎಳೆಯಿರಿ. ಅದಕ್ಕೂ ಎಟುಕದಿದ್ದರೆ ಒಂದು ಗೇಣು ಸಣ್ಣ ದಾರದ ಎರಡೂ ತುದಿಯನ್ನು ಸೂಜಿಗೆ ಪೋಣಿಸಿ, ಹಿಂದೆ ಕುಣಿಕೆ ಬರುವಂತೆ ಬಿಡಿ. ಸೂಜಿಯನ್ನು ತೂತಿನಿಂದ ಸಾಗಿಸಿ ಹೊರತೆಗೆದು, ಕುಣಿಕೆ ಚಿಕ್ಕದಾಗಿ ತೂತಿನ ಬಾಯಲ್ಲಿ ಉಳಿದಾಗ ಮೋಟು ತುದಿಯನ್ನು ಅದರೊಳಗೆ ಸಿಕ್ಕಿಸಿ ಎಳೆದುಬಿಡಿ. ಗಂಟು ಇಲ್ಲದಿರುವುದರಿಂದ ಅಕ್ಕಪಕ್ಕದಲ್ಲಿ ಇನ್ನೊಂದು ಗೆರೆ ಹಾದುಹೋಗುವಂತಿದ್ದರೆ ಒಳ್ಳೆಯದು.

ಬ್ಯಾಟಿಂಗ್ ನೋಡಿ ಕೈ ಬದಲಿಸಿ

ಉಣ್ಣೆ, ಪಾಲಿಯೆಸ್ಟರ್ ಬ್ಯಾಟಿಂಗ್ ಉಬ್ಬಿಕೊಂಡಿರುವುದರಿಂದ ಸೂಜಿ ಸರಾಗವಾಗಿ ಹೋಗುತ್ತದೆ, ಆದರೆ ಪಾಲಿಯೆಸ್ಟರ್ ಎಳೆಗಳು ದಾರವನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಅಲ್ಲಿ ಒಂದೂವರೆ ಇಂಚಿನ ಬದಲು ಎರಡಿಂಚು ಸಾಗಿ. ಇನ್ನೂ ಭದ್ರವಾಗಬೇಕಾದರೆ ಹೊರಬಂದ ತೂತಿನಿಂದಲೇ ಮತ್ತೆ ಒಳಹೋಗಿ ದಿಕ್ಕು ಬದಲಿಸಿ ಇನ್ನೊಂದು ಇಂಚು ಹೋಗಿ. ಒತ್ತಾದ ಹತ್ತಿ ಬ್ಯಾಟಿಂಗ್‌ನಲ್ಲಿ ಸೂಜಿ ಬಿಗಿಯಾಗಿ ಸಿಗುತ್ತದೆ, ರಬ್ಬರ್ ಕೈಗವಸಿನ ಒಂದು ಬೆರಳು ಹಾಕಿಕೊಂಡರೆ ಎಳೆಯುವುದು ಸಲೀಸು.

ನಮ್ಮ ಉತ್ತರ ಕರ್ನಾಟಕದ ಕೌದಿಯ ಹಾಗೆ ಹಳೆಯ ಸೀರೆ, ಧೋತರಗಳ ಪದರ ಹಾಕಿ ಮೆಷಿನ್ನಿನಲ್ಲಿ ಹೊಲಿಯುವವರಿಗೆ ಬ್ಯಾಟಿಂಗ್ ಇರುವುದಿಲ್ಲ. ಅಲ್ಲಿ ಗಂಟು ಮುಳುಗುವಷ್ಟು ಮೆತ್ತನೆಯ ಜಾಗವಿಲ್ಲ. ಗಂಟಿನ ಬದಲು ಪುಟಾಣಿ ಹೊಲಿಗೆ ಹಾಕಿ, ತುದಿಯನ್ನು ಮೇಲಿನಿಂದ ಒಂದೇ ಪದರ ದಾಟಿಸಿ, ಎರಡು ಬಟ್ಟೆಗಳ ನಡುವೆ ಜಾರಿಸಿ ಎರಡಿಂಚು ದೂರ ಹೊರತೆಗೆಯಿರಿ. ನವೆದ ಹಳೆಯ ಬಟ್ಟೆಯನ್ನು ಜಗ್ಗಿದರೆ ಹರಿಯುತ್ತದೆ, ಆದ್ದರಿಂದ ಇಲ್ಲಿ ಟಪ್ಪೆನ್ನಿಸುವ ಜಗ್ಗು ಬೇಡವೇ ಬೇಡ.

ಕೈಕೊಡುವ ಕೆಲವು ಜಾಗಗಳು

ಗಂಟು ಒಳಗಿಳಿಯಲು ಒಪ್ಪದಿದ್ದರೆ ಬಲ ಹಾಕಬೇಡಿ. ದಾರ ತುಂಡಾದರೆ ಆ ಗೆರೆಯನ್ನೇ ಬಿಚ್ಚಬೇಕಾಗುತ್ತದೆ. ಸೂಜಿಯ ಮೊನೆಯಿಂದ ತೂತಿನ ಪಕ್ಕದ ಎಳೆಗಳನ್ನು ಸ್ವಲ್ಪ ಅಗಲಿಸಿ, ಗಂಟನ್ನು ಮೊನೆಯಿಂದಲೇ ಒಳಕ್ಕೆ ನೂಕಿ. ಬಾಟಿಕ್‌ನಂಥ ಒತ್ತು ನೇಯ್ಗೆಯ ಬಟ್ಟೆಗಳಲ್ಲಿ ಇದು ಆಗಾಗ ಎದುರಾಗುತ್ತದೆ. ಒಳಗೆ ಹೋದ ಗಂಟು ಆಚೆ ತೂತಿನಿಂದ ಹೊರಗೇ ಬಂದುಬಿಟ್ಟರೆ ಜಗ್ಗು ಜಾಸ್ತಿಯಾಯಿತು, ಅಥವಾ ಸೂಜಿ ಸಾಗಿದ ದೂರ ಸಾಲದಾಯಿತು.

ತುದಿಗಳನ್ನು ಎಲ್ಲ ಮುಗಿದ ಮೇಲೆ ಒಟ್ಟಿಗೆ ಅಡಗಿಸೋಣ ಎಂದು ಬಿಟ್ಟರೆ, ಮುಂದಿನ ಗೆರೆ ಹೊಲಿಯುವಾಗ ಫೂಟಿನ ಬೆರಳಿಗೆ ಆ ದಾರ ಸಿಕ್ಕಿ ಹೊಲಿಗೆಯೊಳಗೆ ಸೇರಿಕೊಳ್ಳುತ್ತದೆ. ಬಿಡಿಸುವಾಗ ಎರಡೂ ಗೆರೆ ಕೆಡುತ್ತವೆ. ಒಂದು ಗೆರೆ ಮುಗಿದ ಕೂಡಲೇ ಅದರ ತುದಿ ಇಳಿಸಿ ಮುಂದಕ್ಕೆ ಹೋಗಿ. ಕಡೇ ಪಕ್ಷ ಮುಂದಿನ ಗೆರೆ ಆ ಜಾಗ ದಾಟುವ ಮುಂಚೆಯಾದರೂ ಆಗಬೇಕು.

ದೊಡ್ಡ ಕ್ವಿಲ್ಟಿಗೆ ಕೈ ಹಾಕುವ ಮುನ್ನ ಅದೇ ಬಟ್ಟೆ, ಅದೇ ಬ್ಯಾಟಿಂಗ್, ಅದೇ ದಾರದಲ್ಲಿ 10 ಇಂಚು ಚೌಕದ ಒಂದು ತುಂಡು ಮಾಡಿ, ಐದಾರು ಗೆರೆ ಶುರು ಮಾಡಿ ನಿಲ್ಲಿಸಿ ಅಡಗಿಸಿ. ಆ ತುಂಡನ್ನು ಒಗೆಯಿರಿ. ಹೊಸ ಹತ್ತಿ ಬ್ಯಾಟಿಂಗ್ ಸಾಮಾನ್ಯವಾಗಿ 3ರಿಂದ 5 ಶೇಕಡಾ ಕುಗ್ಗುತ್ತದೆ. ಅಡಗಿಸುವಾಗ ದಾರವನ್ನು ಬಿಗಿಯಾಗಿ ಜಗ್ಗಿದ್ದರೆ ಕುಗ್ಗಿದ ಮೇಲೆ ಅಲ್ಲಿ ಗುಳಿ ಬೀಳುವುದು ಕಾಣುತ್ತದೆ, ತುದಿ ಬಿಗಿಯದೆ ಇದ್ದರೆ ಇಣುಕುವುದೂ ಕಾಣುತ್ತದೆ. ಮುಗಿದ ಕ್ವಿಲ್ಟಿನಲ್ಲಿ ಒಗೆದ ಮೇಲೆ ಎಲ್ಲಾದರೂ ತುದಿ ಹೊರಬಂದರೆ ಎಳೆದು ಕತ್ತರಿಸಬೇಡಿ, ಹಾಗೆ ಮಾಡಿದರೆ ಉಳಿದ ಹಿಡಿತವೂ ಹೋಗುತ್ತದೆ. ಸೂಜಿಯನ್ನು ಪಕ್ಕದಿಂದ ಹಾಕಿ, ಕಣ್ಣಿಗೆ ಆ ಮೋಟು ದಾರ ಸಿಕ್ಕಿಸಿ, ಮತ್ತೆ ಒಂದಿಂಚು ಒಳಗೆ ಇಳಿಸಿಬಿಡಿ.